ಗಟ್, ಗಟ್ಸ್, ಗಟೆಡ್: ಎಲ್ಲವೂ ಕರುಳಲ್ಲ

ಇಂಗ್ಲಿಷಿನ ‘ಗಟ್’ (gut) ಅಂದರೆ ಕರುಳು; ಹಾಗಾದರೆ ‘ಗಟ್ ಫೀಲಿಂಗ್’ ಅನ್ನು ಅನುವಾದಿಸುವಾಗ ‘ಕರುಳಿನ ಭಾವನೆ’ ಅನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕನ್ನಡದಲ್ಲಿ ಕರುಳು ಅಂದರೆ ಮಮತೆ: ಕರುಳು ಚುರುಕ್ ಅನ್ನುತ್ತದೆ, ಮಗು ಕರುಳ ಕುಡಿ. ಇಂಗ್ಲಿಷಿನ ಗಟ್‌ಗೆ ಆ ಅರ್ಥವಿಲ್ಲ. ‘ಒಳಮನಸ್ಸು ಹೇಳ್ತಿದೆ’ ಅಂತ ಬರೆಯಿರಿ. ಬಹುವಚನದ ‘ಗಟ್ಸ್’ ಅಂದರೆ ಧೈರ್ಯ. ನಮ್ಮಲ್ಲಿ ಗುಂಡಿಗೆ, ಎದೆಗಾರಿಕೆ.

ಹೆಚ್ಚು ಎಡವುವುದು ಕ್ರಿಯಾಪದದಲ್ಲಿ. ಮೀನನ್ನು ‘ಗಟ್’ ಮಾಡುವುದೆಂದರೆ ಹೊಟ್ಟೆ ಸೀಳಿ ಒಳಗಿನದನ್ನೆಲ್ಲ ತೆಗೆಯುವುದು. ಹಾಗಾಗಿ ಬೆಂಕಿಯಲ್ಲಿ ಮನೆ ‘ಗಟೆಡ್’ ಅಂದರೆ ಗೋಡೆ ನಿಂತಿದೆ, ಒಳಗೆಲ್ಲ ಸುಟ್ಟಿದೆ. ‘ನೆಲಸಮ’ ಅಂತ ಬರೆದರೆ ತಪ್ಪು. ಬ್ರಿಟನ್ನಿನವರು ‘ಐ ಆಮ್ ಗಟೆಡ್’ ಅಂದರೆ ತೀವ್ರ ನಿರಾಶೆ. ಅಂದಹಾಗೆ, ವಾದ್ಯಗಳಿಗೆ ಕಟ್ಟುವ ‘ಕ್ಯಾಟ್‌ಗಟ್’ ತಂತಿ ಬೆಕ್ಕಿನದಲ್ಲ, ಹೆಚ್ಚಾಗಿ ಕುರಿ, ಮೇಕೆಗಳ ಕರುಳಿನದು.