ಥಾರ್‌ನ ಹಿಂದಿನ ಸೀಟಿಗೆ ಅಮ್ಮ ಹತ್ತುವುದು ಹೇಗೆ?

ಪ್ರಶ್ನೆ: ನಮ್ಮದು 2021ರ ಮಹೀಂದ್ರ ಥಾರ್. ಅಮ್ಮನಿಗೆ ಮಂಡಿನೋವು. ತೋಟಕ್ಕೆ ಹೋಗುವಾಗ ಹಿಂದಿನ ಸೀಟಿಗೆ ಹತ್ತಲು ಒದ್ದಾಡುತ್ತಾರೆ. ಏನಾದರೂ ಉಪಾಯ ಇದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸಾಧ್ಯವಾದರೆ ಅಮ್ಮನನ್ನು ಮುಂದೆ ಕೂರಿಸಿ. ಹಿಂದೆ ಮಕ್ಕಳು ಹೋಗಲಿ. ಈ ಗಾಡಿಯಲ್ಲಿ ಹಿಂದಿನ ಸೀಟಿಗೆ ಬೇರೆ ಬಾಗಿಲಿಲ್ಲ, ಮುಂದಿನ ಬಾಗಿಲಿನಿಂದಲೇ ಸೀಟಿನ ಪಕ್ಕದ ಸಂದಿಯಲ್ಲಿ ನುಸುಳಬೇಕು. ಮಂಡಿನೋವು ಇರುವವರಿಗೆ ಆ ಸಂದಿ ಕಷ್ಟವೇ.

ಹಿಂದೆಯೇ ಕೂರಬೇಕು ಅಂದರೆ ಮೊದಲು ಸೈಡ್ ಸ್ಟೆಪ್ ಹಾಕಿಸಿ. ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ) 226 ಮಿ.ಮೀ., ನಡುವೆ ಒಂದು ಮೆಟ್ಟಿಲು ಬೇಕೇ ಬೇಕು. ಅಗಲವಾಗಿರಲಿ, ಮಳೆಗಾಲದಲ್ಲಿ ಜಾರದ ಹಾಗೆ ಮೇಲ್ಮೈ ಒರಟಾಗಿರಲಿ. ತುಂಬಾ ಕೆಳಗೆ ಇಳಿಬಿದ್ದರೆ ತೋಟದ ದಾರಿಯ ಕಲ್ಲಿಗೆ ತಾಗುತ್ತೆ, ಅಲ್ವಾ?

ಹತ್ತುವ ಮೊದಲು ಎಡಗಡೆಯ ಮುಂದಿನ ಸೀಟನ್ನು ಬಾಗಿಸಿ, ಪೂರ್ತಿ ಮುಂದಕ್ಕೆ ತಳ್ಳಿ. ಅಡ್ಡ ಬರುವ ಬೆಲ್ಟನ್ನು ನೀವೇ ಪಕ್ಕಕ್ಕೆ ಹಿಡಿಯಿರಿ. ಸುಮಾರು ಜನ ಎಡವುವುದು ಅದಕ್ಕೇ. ಎಡಗಾಲು ಮೆಟ್ಟಿಲ ಮೇಲೆ, ಬಲಗಾಲು ಒಳಗೆ, ತಲೆ ಬಗ್ಗಿಸಿ ಕೂರುವುದು. ಅವಸರ ಮಾಡಿಸಬೇಡಿ.

ಸೀಟಿನ ಹಳಿ ಕತ್ತರಿಸಿ ಜಾಗ ಮಾಡಿಕೊಡುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ. ಅಪಘಾತದಲ್ಲಿ ಸೀಟನ್ನು ಹಿಡಿದಿಡುವುದು ಅದೇ.