ಚಪ್ಪಾಳೆ ತಟ್ಟಿದ ಮಾಸ್ತರರಿಗೆ

(ಗದಗಿನ ನಿವೃತ್ತ ಮಾಸ್ತರರೊಬ್ಬರ ಪತ್ರದ ಸಾರ: ಮಗ ಮುಂಬೈಯಲ್ಲಿ ಹೆಸರಾಂತ ಪಿಯಾನೋ ವಾದಕರೊಬ್ಬರ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದ. ಬೆಥೋವನ್‌ನ ‘ಮೂನ್‌ಲೈಟ್ ಸೊನಾಟಾ’ದ ಮೊದಲ ಭಾಗ ಮುಗಿದಾಗ ಖುಷಿಯಾಗಿ ಚಪ್ಪಾಳೆ ತಟ್ಟಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಒಬ್ಬರೂ ‘ವಾಹ್’ ಅನ್ನುವುದಿಲ್ಲ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಇಲ್ಲ, ತಬಲಾ ಇಲ್ಲ. ಎಲ್ಲವೂ ಇನ್ನೂರು ವರ್ಷದ ಹಿಂದೆ ಬರೆದಿಟ್ಟಿದ್ದು. ಬರೆದಿದ್ದನ್ನು ನುಡಿಸುವುದರಲ್ಲಿ ಅಂಥ ದೊಡ್ಡಸ್ತಿಕೆ ಏನು?)

ಮಾಸ್ತರರೇ,

ಚಪ್ಪಾಳೆ ವಿಷಯ ಮೊದಲು ಮುಗಿಸಿಬಿಡೋಣ. ನಡುವೆ ತಟ್ಟಬಾರದು ಅನ್ನೋದು ಆ ಸಂಗೀತ ಹುಟ್ಟಿದಾಗಿನಿಂದ ಇದ್ದ ಕಟ್ಟಳೆ ಅಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರು. ಆತ ಅದನ್ನು ಅಪ್ಪನಿಗೆ ಖುಷಿಯಿಂದ ಬರೆದ. ಆ ಜಾಗಕ್ಕೆ ಜನ ಮೆಚ್ಚುತ್ತಾರೆಂದು ಬರೆಯುವಾಗಲೇ ಅವನಿಗೆ ಗೊತ್ತಿತ್ತಂತೆ. ಗಪ್‌ಚಿಪ್ ಕೂರುವ ರೂಢಿ ಬಂದಿದ್ದು ಆಮೇಲೆ. ಆದರೆ ನೀವು ತಟ್ಟಿದ ಜಾಗ ಮಾತ್ರ ಸ್ವಲ್ಪ ಎಡವಟ್ಟು. ಮೊದಲ ಭಾಗ ಮುಗಿದ ಕೂಡಲೇ, ತಡಮಾಡದೆ ಎರಡನೆಯದಕ್ಕೆ ಹೋಗಬೇಕೆಂದು ಬೆಥೋವನ್ ಅಲ್ಲಿ ಬರೆದಿದ್ದಾನೆ. ಹಾಗಂತ ಗುರಾಯಿಸಿ ನೋಡಬೇಕಿತ್ತೇ? ಅದು ಜಾಸ್ತಿಯಾಯಿತು.

ಈಗ ದೊಡ್ಡ ಪ್ರಶ್ನೆ. ನೀವು ವೀರೇಶ್ವರ ಪುಣ್ಯಾಶ್ರಮದ ಊರಿನವರು, ಹಾರ್ಮೋನಿಯಂ ಹತ್ತಿರದಿಂದ ನೋಡಿದವರು. ಅಲ್ಲಿಂದಲೇ ಶುರು ಮಾಡೋಣ. ಹಾರ್ಮೋನಿಯಂ ಮನೆಯನ್ನು, ಅಂದರೆ ಬೆರಳು ಒತ್ತುವ ಪಟ್ಟಿಯನ್ನು, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಅಷ್ಟೇ. ಏರಿಳಿತವೆಲ್ಲ ಬಾತೆ ಹಾಕುವ, ಅಂದರೆ ಗಾಳಿ ತುಂಬುವ, ಕೈಯಲ್ಲಿ. ಗಾಳಿ ಇರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೋದ ಕಪ್ಪು ಬಿಳಿ ಪಟ್ಟಿ ನೋಡಲು ಹಾಗೇ ಇದ್ದರೂ ಒಳಗೆ ಬೇರೆಯೇ ಕಥೆ. 88 ಮನೆಗಳು, 200ಕ್ಕೂ ಹೆಚ್ಚು ತಂತಿಗಳು. ಮನೆ ಒತ್ತಿದರೆ ಫೆಲ್ಟ್ ಹೊದಿಸಿದ ಮರದ ಸುತ್ತಿಗೆ ಚಿಮ್ಮಿ ತಂತಿಗೆ ಬಡಿದು ತಟ್ಟನೆ ಹಿಂದಕ್ಕೆ ಬೀಳುತ್ತದೆ. ಬಡಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಆಮೇಲೆ ಬೆರಳು ಎಷ್ಟೇ ಒತ್ತಿದರೂ ಅದು ಬೆಳೆಯುವುದಿಲ್ಲ. ಅಂದರೆ ಪಿಯಾನೋ ಹಾಡಲಾರದು. ಹಾಡುತ್ತಿದೆ ಅಂತ ನಮಗೆ ಅನ್ನಿಸುವಂತೆ ಮಾಡುವುದೇ ವಾದಕರ ಕಸುಬು. ಹಿಂದಿನ ಸ್ವರ ಎಷ್ಟು ಇಳಿದಿದೆಯೋ ಅದನ್ನು ಕಿವಿಯಲ್ಲೇ ಅಳೆದು, ಮುಂದಿನದನ್ನು ಅದಕ್ಕೆ ಹೊಂದುವ ತೂಕದಲ್ಲಿ ಹೊಡೆಯಬೇಕು. ಒಂದು ಕೂದಲೆಳೆ ಜಾಸ್ತಿಯಾದರೂ ಹಾಡಿನ ಎಳೆ ತುಂಡಾಗುತ್ತದೆ.

ನೀವು ಚಪ್ಪಾಳೆ ತಟ್ಟಿದ ಭಾಗವನ್ನೇ ನೋಡಿ. ಬಲಗೈ ಒಂದೇ, ಕೆಲಸ ಎರಡು. ಮೂರು ಮೂರು ಸ್ವರಗಳ ಅಲೆಯನ್ನು ಒಳಗಿನ ಬೆರಳುಗಳು ಕೇಳಿಸಿಯೂ ಕೇಳಿಸದ ಹಾಗೆ ನುಡಿಸುತ್ತಿರಬೇಕು. ಅದರ ಮೇಲೆ ಹಾಡು ಎತ್ತುವುದು ಹೆಚ್ಚಾಗಿ ಕಿರುಬೆರಳು, ಎಲ್ಲಕ್ಕಿಂತ ದುರ್ಬಲವಾದದ್ದು.

ಇನ್ನು ಬರೆದಿಟ್ಟಿದ್ದು ಅಂದಿರಲ್ಲ. 1801ರಲ್ಲಿ ಬೆಥೋವನ್ ಇದನ್ನು ರಚಿಸಿದಾಗ, ಇಡೀ ಮೊದಲ ಭಾಗದಲ್ಲಿ ತಂತಿಗಳ ದನಿಯನ್ನು ಅಡಗಿಸಬಾರದು, ಒಂದರ ಮೇಲೊಂದು ಹರಿಯಲು ಬಿಡಿ ಅಂತ ಸೂಚನೆ ಕೊಟ್ಟ. ಅವನ ಕಾಲದ ಪಿಯಾನೋದಲ್ಲಿ ನಾದ ಬೇಗ ಆರಿಹೋಗುತ್ತಿತ್ತು, ಹಾಗಾಗಿ ಸರಿಹೋಯಿತು. ಇವತ್ತಿನ ಕಬ್ಬಿಣದ ಚೌಕಟ್ಟಿನ ಪಿಯಾನೋದಲ್ಲಿ ನಾದ ಬಹಳ ಹೊತ್ತು ನಿಲ್ಲುತ್ತದೆ. ಹೇಳಿದಂತೆಯೇ ಪೆಡಲ್ (ದನಿ ಅಡಗಿಸುವ ಫೆಲ್ಟನ್ನು ತಂತಿಯಿಂದ ಎತ್ತಿ ಹಿಡಿಯುವ ಕಾಲ್ಪಟ್ಟಿ) ಪೂರ್ತಿ ಒತ್ತಿ ಹಿಡಿದರೆ ಎಲ್ಲ ಕಲಸಿ ಗೊಜ್ಜಾಗುತ್ತದೆ. ಪೆಡಲ್ ಬಿಡುತ್ತಾ ಹೋದರೆ ಬರೆದಿದ್ದನ್ನು ಮೀರಿದಂತೆ. ಏನು ಮಾಡಬೇಕು? ಪ್ರತಿ ವಾದಕರೂ ಅವತ್ತಿನ ಪಿಯಾನೋ, ಅವತ್ತಿನ ಸಭಾಂಗಣ ನೋಡಿ ತೀರ್ಮಾನಿಸಬೇಕು. ಪಿಯಾನೋ ವಾದಕ ಆಂಡ್ರಾಶ್ ಶಿಫ್ ಅವರು ಪೆಡಲನ್ನು ಸ್ವಲ್ಪವೇ ಒತ್ತಿ ಹಾಗೇ ಹಿಡಿಯುತ್ತಾರೆ, ಲಯವೂ ಚುರುಕು. ಇನ್ನೊಬ್ಬ ವಾದಕ ವಿಲ್ಹೆಲ್ಮ್ ಕೆಂಪ್ಫ್ ಅವರದ್ದನ್ನೂ ಮೊಬೈಲ್‌ನಲ್ಲಿ ಹಾಕಿ ಕೇಳಿ. ಹಾಳೆ ಒಂದೇ, ಸಂಗೀತ ಎರಡು. ಒಂದೇ ಚೀಜು (ರಾಗದಲ್ಲಿ ಕಟ್ಟಿದ ಹಾಡು) ಮನ್ಸೂರರ ಬಾಯಲ್ಲಿ ಬೇರೆ, ಗಂಗೂಬಾಯಿಯವರ ಬಾಯಲ್ಲಿ ಬೇರೆ ಅನ್ನೋದನ್ನು ನಿಮಗೆ ನಾನು ಹೇಳಬೇಕೇ? ಆಲಾಪದ ಸ್ವಾತಂತ್ರ್ಯ ಇಲ್ಲಿಲ್ಲ, ಒಪ್ಪುತ್ತೇನೆ. ಆದರೆ ಕೆಲಸ ಕಡಿಮೆಯಲ್ಲ.

ಮೀಂಡ್ ಇಲ್ಲ ಅನ್ನೋ ದೂರು ಖರೆ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. ಅದಕ್ಕೇ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಷೇಧ ಇತ್ತು. ಅಷ್ಟಾದರೂ ನಮ್ಮ ಭಾಗದಲ್ಲಿ ಹಾರ್ಮೋನಿಯಂ ಏನು ಸುಮ್ನೆ ಕೂತಿತೇ? ಬೆಳಗಾವಿಯ ರಾಮಭಾವು ವಿಜಾಪುರೆಯವರು ಅದರಲ್ಲೇ ಸೋಲೋ ನುಡಿಸಿ ಜನರನ್ನು ಹಿಡಿದು ಕೂರಿಸಿದರು. ಸಂತೂರಿಗೂ ಮೊದಮೊದಲು ಇದೇ ಮಾತು ಬಂದಿತ್ತು. ಪಿಯಾನೋದಲ್ಲಿ ದರ್ಬಾರಿ ರಾಗದ ತೂಗಾಡುವ ಗಾಂಧಾರ ಹುಡುಕಿದರೆ ಸಿಗಲ್ಲ. ಅಲ್ಲಿ ಸಿಗುವುದು ಒಟ್ಟಿಗೆ ಮೊಳಗುವ ಸ್ವರಗಳ ರಾಶಿ.

‘ವಾಹ್’ ವಿಷಯದಲ್ಲಿ ನನ್ನದೂ ನಿಮ್ಮದೇ ಪಕ್ಷ. ಸಮ್‌ಗೆ, ಅಂದರೆ ತಾಳದ ಮೊದಲ ಹೊಡೆತಕ್ಕೆ, ಬಂದಾಗ ತಲೆ ತೂಗದೆ ಕೂರುವುದು ಧಾರವಾಡದವರಿಗೆ ಶಿಕ್ಷೆಯೇ. ಆದರೆ ಅಲ್ಲಿ ಮೈಕ್ ಇರುವುದಿಲ್ಲ, ಆರುತ್ತಿರುವ ಸ್ವರವೂ ಹಾಡಿನ ಭಾಗ. ಒಬ್ಬರು ಕೆಮ್ಮಿದರೂ ಅದು ಮುಳುಗಿಹೋಗುತ್ತದೆ.

ಪತ್ರದ ಕೊನೆಯಲ್ಲಿ ಬರೆದಿದ್ದೀರಿ: ‘ಕಡೆಯ ಚಪ್ಪಾಳೆ ಶುರುವಾದ ಕೂಡಲೇ ಲೋಕಲ್ ಟ್ರೇನ್ ತಪ್ಪುತ್ತದೆಂದು ಮಗ ಎಬ್ಬಿಸಿಕೊಂಡು ಹೊರಟ.’ ಛೇ! ಜನ ಚಪ್ಪಾಳೆ ನಿಲ್ಲಿಸದಿದ್ದರೆ ವಾದಕರು ಮತ್ತೆ ಬಂದು, ಕಾರ್ಯಕ್ರಮದ ಹಾಳೆಯಲ್ಲಿ ಇಲ್ಲದ್ದೊಂದನ್ನು ತಮಗೆ ಬೇಕಾದ ಹಾಗೆ ಆರಿಸಿ ನುಡಿಸುವುದುಂಟು. ಎಷ್ಟೋ ಸಲ ಇಡೀ ಸಂಜೆಯಲ್ಲಿ ನನಗೆ ಹಿಡಿಸುವುದು ಅದೇ. ಮುಂದಿನ ಸಲ ಮಗನಿಗೆ ಮೊದಲೇ ಹೇಳಿಡಿ, ಆಮೇಲಿನ ಟ್ರೇನಿಗೆ ಹೋದರಾಯಿತು. ಆಗ ಎಷ್ಟು ಬೇಕಾದರೂ ಚಪ್ಪಾಳೆ ತಟ್ಟಿ, ಯಾರೂ ತಿರುಗಿ ನೋಡುವುದಿಲ್ಲ.

— ಸಂ.