ಕ್ಯಾನ್‌ನಲ್ಲಿ ಬಿತ್ತಿದ ಮಂಡ್ಯದ ಮೇಡಂಗೆ: ಮೊದಲು ಆ ಟೇಪ್ ಬಿಚ್ಚಿ

ಮೇಡಂ, ಮೊದಲು ಎದ್ದು ಹೋಗಿ ಆ ಟೇಪ್ ಬಿಚ್ಚಿ ಬನ್ನಿ. ಈ ಉತ್ತರ ಆಮೇಲೆ ಓದಿದರೂ ನಡೆಯುತ್ತದೆ.

ನಿನ್ನೆ ರಾತ್ರಿ ನಮ್ಮ ಗಿಡ ಬೆಳೆಸುವವರ ಗುಂಪಿನಲ್ಲಿ ನೀವು ಹಾಕಿದ ಫೋಟೋ ನೋಡಿದೆ. 5 ಲೀಟರಿನ ನೀರಿನ ಕ್ಯಾನ್ ಅಡ್ಡ ಕೊಯ್ದು, ಗದ್ದೆ ಮಣ್ಣು ತುಂಬಿ, ಕನಕಾಂಬರ, ಶಂಖಪುಷ್ಪ, ಕಾಶಿ ಕಣಗಿಲೆ, ಲ್ಯಾವೆಂಡರ್, ಚಳಿದೇಶದ ಹೂವು ಕೋಲಂಬೈನ್ ಬಿತ್ತಿದ್ದೀರಿ. ಸುತ್ತ ಟೇಪ್ ಹೊಡೆದು ಬಿಸಿಲಿಗೆ ಇಟ್ಟಿದ್ದೀರಿ. ‘ವಿಂಟರ್ ಸೋಯಿಂಗ್ ಮಾಡಿದ್ದೇನೆ, ಮೊಳೆತದ್ದೆಲ್ಲ ಮಲಗಿಬಿಡ್ತಿದೆ, ಯಾವ ಔಷಧಿ ಹೊಡೀಲಿ’ ಅಂತ ಕೇಳಿದ್ದೀರಿ. ಕೆಳಗೆ ಹನ್ನೊಂದು ಜನ ಹನ್ನೊಂದು ಔಷಧಿ ಹೇಳಿದ್ದಾರೆ. ಒಬ್ಬರೂ ಟೇಪ್ ಬಗ್ಗೆ ಮಾತಾಡಿಲ್ಲ.

ನಾಲ್ಕು ವರ್ಷದ ಹಿಂದೆ ಮೈಸೂರಿನ ಕುವೆಂಪುನಗರದ ನಮ್ಮ ತಾರಸಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. ನಿಮ್ಮದು 5 ಕ್ಯಾನ್, ನನ್ನದು 14. ಅಮೆರಿಕದವರು ಚಳಿಗಾಲದಲ್ಲಿ ಹಾಲಿನ ಡಬ್ಬದಲ್ಲಿ ಬಿತ್ತಿ ಹಿಮದ ಮೇಲೆ ಇಡುವ ಈ ವಿಂಟರ್ ಸೋಯಿಂಗ್ ವಿಡಿಯೋ ನೋಡಿ ಹುಚ್ಚು ಹಿಡಿದಿತ್ತು. ಎಂಟನೇ ದಿನಕ್ಕೆ ಒಳಗೆಲ್ಲ ಹಸಿರು. ಮನೆಯವರನ್ನೆಲ್ಲ ಮೇಲಕ್ಕೆ ಕರೆದು ತೋರಿಸಿದೆ. ಹನ್ನೆರಡನೇ ದಿನ ನೋಡಿದರೆ ಬುಡ ದಾರದಷ್ಟು ಸಣ್ಣಗಾಗಿ ಒಂದೊಂದೇ ಸಸಿ ಅಡ್ಡ ಬಿದ್ದಿದೆ. ಅನುಮಾನ ಬಂದು ಗೋಡೆಗೆ ತೂಗುಹಾಕುವ ಥರ್ಮಾಮೀಟರನ್ನು ಒಂದು ಕ್ಯಾನ್ ಒಳಗಿಟ್ಟೆ. ಮಧ್ಯಾಹ್ನ ಒಂದೂವರೆಗೆ 44 ಡಿಗ್ರಿ! ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ವಾಕಿಂಗ್ ಹೋಗುವ ಕಾಲ, ಕ್ಯಾನ್ ಒಳಗೆ ಮಾತ್ರ ಇಡ್ಲಿ ಪಾತ್ರೆ.

ಅವರ ಊರಿಗೆ ಆ ಪದ್ಧತಿ ಸರಿ. ಅಲ್ಲಿ ಬೀಜ ತಿಂಗಳುಗಟ್ಟಲೆ ಚಳಿಯಲ್ಲಿ ನೆನೆದು, ಹೆಪ್ಪುಗಟ್ಟಿ, ಕರಗಿ, ಚಳಿಗಾಲ ಕಳೆದ ಮೇಲೆ ಮೊಳೆಯುತ್ತದೆ. ಕೆಲವು ಬೀಜಕ್ಕೆ ಆ ಚಳಿ ತಾಗದಿದ್ದರೆ ಎಚ್ಚರವೇ ಆಗುವುದಿಲ್ಲ. ಅವರೂ ಡಬ್ಬದ ಬಾಯಿ ಮುಚ್ಚಳ ತೆಗೆದೇ ಇಡುತ್ತಾರೆ, ಗಾಳಿ ಆಡಲಿ ಅಂತ. ನೀವು ಅದನ್ನೂ ಬಿಗಿದಿದ್ದೀರಿ. ನಮ್ಮ ಮೈಸೂರು, ಮಂಡ್ಯದಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 16–17 ಡಿಗ್ರಿ, ಮಧ್ಯಾಹ್ನ 27–28. ಕೋಲಂಬೈನ್‌ಗೆ ಅದು ಚಳಿಯೇ ಅಲ್ಲ. ಕನಕಾಂಬರಕ್ಕೆ ಕಂಬಳಿ ಹೊದಿಸುವಷ್ಟು ಚಳಿಯೂ ಅಲ್ಲ.

ಕೋಲಂಬೈನ್ ಪ್ಯಾಕೆಟ್‌ನಲ್ಲಿ ಉಳಿದಿದ್ದರೆ ಒದ್ದೆ ಟಿಶ್ಯೂನಲ್ಲಿ ಸುತ್ತಿ, ಜಿಪ್ ಕವರ್‌ಗೆ ಹಾಕಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 4–6 ವಾರ ಇಡಿ. ಫ್ರೀಜರ್‌ನಲ್ಲಿ ಬೇಡ. ಕವರ್ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ನನ್ನದನ್ನು ನಮ್ಮತ್ತೆ ಬೂಸ್ಟು ಹಿಡಿದ ಸಾಸಿವೆ ಅಂದುಕೊಂಡು ಕಸಕ್ಕೆ ಹಾಕಿದರು. ಮರುವರ್ಷ ಬಿತ್ತಿದ್ದರಲ್ಲಿ ಎರಡು ಗಿಡ ಬಂತು, ಏಪ್ರಿಲ್ ದಾಟಲಿಲ್ಲ. ಲ್ಯಾವೆಂಡರ್ ಬೀಜಕ್ಕಂತೂ ಇನ್ನು ದುಡ್ಡು ಹಾಕಬೇಡಿ. ಅಷ್ಟು ಆಸೆ ಇದ್ದರೆ ನರ್ಸರಿಯಿಂದ ಗಿಡವನ್ನೇ ತನ್ನಿ, ಮಳೆಗಾಲದಲ್ಲಿ ಸೂರಿನ ಕೆಳಗೆ ಇಡಿ. ಆದರೂ ಹೋದರೆ ನನ್ನನ್ನು ಬೈಯಬೇಡಿ.

ಈಗ ಮಲಗಿರುವ ಸಸಿ ಏಳುವುದಿಲ್ಲ, ಟೇಪಿನೊಳಗಿನ ತೇವಕ್ಕೆ ಬೂಸ್ಟಿನಂಥ ರೋಗ ಬಂದು ಬುಡ ಕೊಳೆತಿದೆ. ಅವನ್ನು ಸುತ್ತಲಿನ ಮಣ್ಣಿನ ಸಮೇತ ಚಮಚದಲ್ಲಿ ತೋಡಿ ಆಚೆ ಎಸೆಯಿರಿ. ನೀರು ನಿಲ್ಲಿಸಿ. ಮೇಲ್ಮಣ್ಣು ಬಣ್ಣ ಬದಲಾಗುವವರೆಗೂ ಮುಟ್ಟಬೇಡಿ. ಬಿಚ್ಚಿದ ತಕ್ಷಣ ಪೂರ್ತಿ ಬಿಸಿಲಿಗೆ ಬಿಟ್ಟರೆ ಉಳಿದವೂ ಸುಟ್ಟುಹೋಗುತ್ತವೆ, ನಾಲ್ಕು ದಿನ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ. ಔಷಧಿ ಹೊಡೆಯಲೇಬೇಕು ಅಂತಿದ್ದರೆ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರ ಕೊಲ್ಲುವ ತಾಮ್ರದ ಔಷಧಿ), ಲೀಟರ್ ನೀರಿಗೆ 3 ಗ್ರಾಂ, ಬುಡಕ್ಕೆ ಒಂದು ಸಲ. ಅದರ ಜೊತೆಗೇ ಟ್ರೈಕೋಡರ್ಮಾ ಹಾಕಿ ಅಂತ ಒಬ್ಬರು ಮೇಲೆ ಬರೆದಿದ್ದಾರೆ. ಸರ್, ಟ್ರೈಕೋಡರ್ಮಾನೂ ಶಿಲೀಂಧ್ರವೇ, ರೋಗದ ಶಿಲೀಂಧ್ರವನ್ನು ಅಡಗಿಸುವ ಒಳ್ಳೇ ಜಾತಿ. ಒಂದು ಕೈಯಲ್ಲಿ ಅದನ್ನು ಹಾಕಿ ಇನ್ನೊಂದು ಕೈಯಲ್ಲಿ ತಾಮ್ರ ಸುರಿದರೆ ಅದು ಉಳಿಯುವುದು ಹೇಗೆ? ಟ್ರೈಕೋಡರ್ಮಾ ಬಿತ್ತುವ ಮೊದಲಿನ ಕೆಲಸ. ಒಂದು ಬಕೆಟ್ ಹಳೇ ಕೊಟ್ಟಿಗೆ ಗೊಬ್ಬರಕ್ಕೆ ಎರಡು ಚಮಚ ಕಲಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿ ಹದಿನೈದು ದಿನ ಇಡಬೇಕು.

ಇನ್ನು ಆ ಗದ್ದೆ ಮಣ್ಣು. ಭತ್ತಕ್ಕೆ ಚಿನ್ನ, ಕುಂಡಕ್ಕೆ ಇಟ್ಟಿಗೆ. ನೀರು ಹಾಕಿದರೆ ಕೆಸರು, ಒಣಗಿದರೆ ಬಿರುಕು. ನಾನು ಬೀಜಕ್ಕೆ ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಮರಳು ಹಾಕುತ್ತೇನೆ, ಅಷ್ಟೇ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಹಿಂಡಿ ಮೂರು ಸಲ ನೀರು ಬದಲಾಯಿಸಿ, ಉಪ್ಪಿನಂಶ ಇರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಕಂಪನಿಯದ್ದು ಎಷ್ಟು ತೊಳೆದರೂ ಕಾಫಿ ಬಣ್ಣದ ನೀರು ಬಿಡುತ್ತಲೇ ಇತ್ತು, ಸಸಿ ತುದಿ ಎಲ್ಲ ಸುಟ್ಟಿತು. ಹೆಸರು ಬೇಡ ಬಿಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಫರ್ಮೆಂಟೆಡ್ ಕೊಕೊಪೀಟ್ ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಮತ್ತೆ ಬಿತ್ತುವ ಟ್ರೇ ತೆರೆದೇ ಇರಲಿ. ರಾತ್ರಿ ಇಬ್ಬನಿ ಜಾಸ್ತಿ ಅನಿಸಿದರೆ ಮೇಲೊಂದು ಹಳೇ ಪಂಚೆ ಹಾಕಿ, ಎಂಟು ಗಂಟೆಗೆ ತೆಗೆಯಿರಿ. ನೀರು ಬೆಳಿಗ್ಗೆಯೇ ಹಾಕಿ. ಸಂಜೆ ಆಫೀಸಿನಿಂದ ಬಂದು ಪ್ರೀತಿಯಿಂದ ನೀರು ಚಿಮುಕಿಸುವವರ ಸಸಿಗಳೇ ಚಳಿಗಾಲದಲ್ಲಿ ಮೊದಲು ಕೊಳೆಯುವುದು. ಶಂಖಪುಷ್ಪದ ಸಿಪ್ಪೆ ಗಟ್ಟಿ, ಉಗುರು ಕತ್ತರಿಯಲ್ಲಿ ಒಂದು ಪಕ್ಕ ಚೂರು ಗೀರಿ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಹಾಕಿ. ಕಾಶಿ ಕಣಗಿಲೆಗೆ ಕತ್ತಲು ಬೇಕು, ಬಿತ್ತಿ ಮೇಲೆ ಮಣ್ಣು ಮುಚ್ಚಿ. ಪೆಟೂನಿಯಾ, ಪೆಂಟಾಸ್‌ಗೆ ಬೆಳಕು ಬೇಕು, ಸುಮ್ನೆ ಮೇಲೆ ಉದುರಿಸಿ. ಎಲ್ಲವನ್ನೂ ಒಂದೇ ಆಳಕ್ಕೆ ಹಾಕಿ ‘ಬೀಜ ಸರಿ ಇಲ್ಲ’ ಅಂತ ಅಂಗಡಿಯವನ ಜೊತೆ ಜಗಳ ಆಡಬೇಡಿ. ನಾನು ಆಡಿದ್ದೇನೆ.

ಕನಕಾಂಬರದ ಬೀಜ ಪ್ಯಾಕೆಟ್‌ನದ್ದೇ? ಅದಕ್ಕಿಂತ ಗಿಡದಿಂದ ಆಗ ತಾನೇ ತೆಗೆದದ್ದು ಮೇಲು. ತೆನೆ ಒಣಗಿ ಕಂದಾದಾಗ ಮಧ್ಯಾಹ್ನದ ಹೊತ್ತು, ಇಬ್ಬನಿ ಪೂರ್ತಿ ಆರಿದ ಮೇಲೆ ಕೊಯ್ಯಬೇಕು. ಸ್ವಲ್ಪ ತೇವ ತಾಗಿದರೂ ಕಾಯಿ ಸಿಡಿದು ಬೀಜ ಎಲ್ಲೋ ಹಾರುತ್ತದೆ. ಚಿಕ್ಕವರಿದ್ದಾಗ ಎಂಜಲು ಹಚ್ಚಿ ಆಟ ಆಡುತ್ತಿದ್ದೆವು, ಅಲ್ವಾ? ತೆನೆಗಳನ್ನು ಸ್ಟೀಲ್ ಡಬ್ಬಕ್ಕೆ ಹಾಕಿ, ಅರ್ಧ ಚಮಚ ನೀರು ಚಿಮುಕಿಸಿ, ಮುಚ್ಚಳ ಹಾಕಿ ಕಿವಿ ಇಟ್ಟು ಕೇಳಿ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಪಟಪಟ ಸಿಡಿಯುತ್ತದೆ. ಸದ್ದು ನಿಂತ ಮೇಲೆ ತೆಗೆದರೆ ಚಪ್ಪಟೆ ಬೀಜ ಎಲ್ಲ ತಳದಲ್ಲಿ. ನೆರಳಲ್ಲಿ ಒಂದು ದಿನ ಆರಿಸಿ ಬಿತ್ತಿ. ಚಳಿಗೆ ಮೂರು ವಾರ ಆದರೂ ಮೊಳೆಯದೆ ಇರಬಹುದು, ಕೆದಕಿ ನೋಡಬೇಡಿ. ಡೆಲ್ಲಿ ಕನಕಾಂಬರದಲ್ಲಿ ಮಾತ್ರ ಬೀಜಕ್ಕೆ ಕಾಯಬೇಡಿ. ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಮಾಡಬೇಕು.

ಇಷ್ಟು ಬರೆದಿದ್ದಕ್ಕೆ ನಿಜವಾದ ಕಾರಣ ನಿಮ್ಮ ಎರಡನೇ ಫೋಟೋ. ‘ಫ್ರೆಂಡ್ ಮನೆಯಿಂದ ಹತ್ತು ಕನಕಾಂಬರ ಗಿಡ ತಂದೆ, ನಾಳೆ ಸೇವಂತಿಗೆ ಪಾತಿ ಪಕ್ಕ ನೆಡ್ತೀನಿ’ ಅಂತ ಹಾಕಿದ್ದೀರಲ್ಲ, ಮಣ್ಣಿನ ಹೆಂಟೆ ಸಮೇತ. ಅದನ್ನು ನೋಡಿ ನನ್ನ ಹೊಟ್ಟೆ ತೊಳೆಸಿತು. ಕ್ಯಾನ್ ಹಾಳಾದರೆ ಬೀಜದ ದುಡ್ಡು ಹೋಯಿತು. ಇದು ಹಾಗಲ್ಲ.

ನನ್ನ 14 ಕ್ಯಾನ್ ಸತ್ತ ವರ್ಷವೇ, ಸಮಾಧಾನಕ್ಕೆ ಅಂತ ಪರಿಚಯದವರೊಬ್ಬರು ಹನ್ನೆರಡು ಕನಕಾಂಬರ ಕೊಟ್ಟರು. ಒಳ್ಳೇ ಮನಸ್ಸಿನಿಂದಲೇ ಕೊಟ್ಟರು, ಅವರಿಗೂ ಗೊತ್ತಿರಲಿಲ್ಲ. ಹೂವಿನಿಂದ ತುಂಬಿದ್ದ ಗಿಡ. ಮನೆ ಮುಂದಿನ ಪಾತಿಯಲ್ಲಿ ಸುಗಂಧರಾಜದ ಪಕ್ಕ ನೆಟ್ಟೆ. ಯುಗಾದಿ ಹೊತ್ತಿಗೆ ಮಧ್ಯಾಹ್ನ ಆದರೆ ಎಲೆ ಜೋತು ಬೀಳುತ್ತಿತ್ತು, ಸಂಜೆಗೆ ಮತ್ತೆ ಸರಿಯಾಗುತ್ತಿತ್ತು. ನೀರು ಸಾಲದು ಅಂತ ಜಾಸ್ತಿ ಮಾಡಿದೆ. ಎಲೆ ಹಳದಿ ಆಯಿತು. ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಉಪ್ಪು, ಹಾಕಿದೆ. (ಈ ಗುಂಪಿನಲ್ಲಿ ಏನು ಕೇಳಿದರೂ ಎಪ್ಸಮ್ ಸಾಲ್ಟ್ ಅನ್ನುವ ಚಾಳಿ ಇದೆ. ದಯವಿಟ್ಟು ಬಿಡಿ.) ಕಬ್ಬಿಣದ ಟಾನಿಕ್ ಹಾಕಿದೆ. ಮಳೆಗಾಲ ಶುರುವಾಗುವಾಗ ಸಿಟ್ಟಿಗೆ ಒಂದು ಗಿಡ ಕಿತ್ತೆ. ಬೇರಿನ ತುಂಬ ಸಾಬಕ್ಕಿ ಪೋಣಿಸಿದ ಹಾಗೆ ಗಂಟು. ಉಗುರಿನಲ್ಲಿ ಒತ್ತಿದರೆ ಒಡೆಯುವುದೂ ಇಲ್ಲ, ಉದುರುವುದೂ ಇಲ್ಲ, ಬೇರಿನ ಮೈಯೇ ಊದಿಕೊಂಡಿದೆ. ಪಕ್ಕದ ಸುಗಂಧರಾಜ ಕಿತ್ತೆ, ಅಲ್ಲೂ ಅದೇ.

ಗಂಟುಬೇರು ಜಂತುಹುಳು, ಇಂಗ್ಲಿಷಿನಲ್ಲಿ ನೆಮಟೋಡ್. ಕಣ್ಣಿಗೆ ಕಾಣದ ಹುಳು ಬೇರಿನೊಳಗೆ ಸೇರಿ ಗಂಟು ಮಾಡುತ್ತದೆ, ಗಿಡಕ್ಕೆ ನೀರು ಏರುವುದಿಲ್ಲ. ಕನಕಾಂಬರ ಅದಕ್ಕೆ ಹಬ್ಬದೂಟ. ಒಂದು ಸಲ ಮಣ್ಣಿಗೆ ಬಂದರೆ ಟೊಮೆಟೊ, ಬದನೆ, ಬೆಂಡೆ ಯಾವುದನ್ನೂ ಬಿಡುವುದಿಲ್ಲ. ಆ ಪಾತಿಯಲ್ಲಿ ಎರಡು ವರ್ಷ ಕೈ ಕಟ್ಟಿ ಕೂತೆ. ಗಿಡ ಎಲ್ಲ ಕಿತ್ತು ಬೇರು ಸುಟ್ಟೆ. ಕಾಂಪೋಸ್ಟ್ ಗುಂಡಿಗೆ ಹಾಕಿದ್ದರೆ ಗೊಬ್ಬರದ ಜೊತೆ ಮನೆಯೆಲ್ಲ ಹಂಚುತ್ತಿದ್ದೆ. ಏಪ್ರಿಲ್ ಬಿಸಿಲಿಗೆ ಮಣ್ಣು ಅಗೆದು, ಚೆನ್ನಾಗಿ ನೆನೆಸಿ, ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆಲ್ಲ ಮಣ್ಣು ಮೆತ್ತಿ ಆರು ವಾರ ಬಿಟ್ಟೆ. ಹಾಳೆ ಪಾರದರ್ಶಕ ಇರಬೇಕು, ಕಪ್ಪು ಹಾಕಿದರೆ ಮಣ್ಣು ಅಷ್ಟು ಕಾಯುವುದಿಲ್ಲ. ನೋಡಿ, ನಿಮ್ಮ ಕ್ಯಾನಿನ ಬಿಸಿ ಉಪಯೋಗಕ್ಕೆ ಬರುವುದು ಇಲ್ಲಿ. ಆಮೇಲೆ ಬೇವಿನ ಹಿಂಡಿ ಕಲಸಿ, ಪಾತಿ ತುಂಬ ಒತ್ತೊತ್ತಾಗಿ ಚೆಂಡುಹೂವು ಹಾಕಿ ಮೂರು ತಿಂಗಳು ಬೆಳೆಸಿ ಅಲ್ಲೇ ಮಣ್ಣಿಗೆ ಸೇರಿಸಿದೆ. ಮೂಲೆಗೊಂದು ಚೆಂಡುಹೂವು ನೆಟ್ಟು ‘ನೆಮಟೋಡ್ ಕಂಟ್ರೋಲ್’ ಅಂತ ಫೋಟೋ ಹಾಕುವವರಿಗೆ ಹೇಳುತ್ತಿದ್ದೇನೆ, ಅದು ದೇವರ ಪೂಜೆಗೆ ಸಾಕು, ಜಂತುಹುಳುವಿಗೆ ಸಾಲದು. ಇಷ್ಟೆಲ್ಲ ಮಾಡಿಯೂ ಪೂರ್ತಿ ಹೋಯಿತು ಅಂತ ನಾನು ಹೇಳುವುದಿಲ್ಲ. ಕಮ್ಮಿ ಆಯಿತು. ಆ ಪಾತಿಯಲ್ಲಿ ಇವತ್ತಿಗೂ ಕನಕಾಂಬರ ಹಾಕುವುದಿಲ್ಲ, ಕುಂಡದಲ್ಲೇ.

ಹಾಗಾಗಿ ಹಂಚಿಕೆಯ ಗಿಡ ಯಾರ ಮನೆಯದೇ ಆಗಲಿ, ಅಮ್ಮನ ಮನೆಯದೇ ಆಗಲಿ, ಗೇಟಿನ ಹೊರಗೇ ಬಕೆಟ್ ನೀರಲ್ಲಿ ಅದ್ದಿ ಮಣ್ಣು ಪೂರ್ತಿ ಬಿಡಿಸಿ. ಬೇರನ್ನು ಬೆಳಕಿಗೆ ಹಿಡಿದು ನೋಡಿ. ಗಂಟು ಕಂಡರೆ ಮುಲಾಜಿಲ್ಲದೆ ಎಸೆಯಿರಿ. ಆ ನೀರು ಚರಂಡಿಗೆ, ಗಿಡಕ್ಕೆ ಬೇಡ. ಗಂಟು ಇಲ್ಲದಿದ್ದರೂ ಮೂರು ವಾರ ಬೇರೆ ಕುಂಡದಲ್ಲಿ, ಬೇರೆ ಮೂಲೆಯಲ್ಲಿ ಇಡಿ. ಹಿಟ್ಟುತಿಗಣೆ ಇದ್ದರೆ ಅಷ್ಟರಲ್ಲಿ ಮುಖ ತೋರಿಸುತ್ತದೆ. ಆದರೆ ಶಂಖಪುಷ್ಪದ ಬೇರಿನಲ್ಲಿ ಗುಂಡುಗುಂಡು ಕಂಡರೆ ಗಾಬರಿ ಬೇಡ. ಅದು ಅವರೆ, ಅಲಸಂದೆ ಜಾತಿಯದು, ಸಾರಜನಕ ಹಿಡಿಯುವ ಗಂಟು ಇರುತ್ತದೆ. ಬೆರಳಲ್ಲಿ ಉಜ್ಜಿದರೆ ಬೇರಿನಿಂದ ಉದುರುತ್ತದೆ. ಜಂತುಹುಳುವಿನದು ಉದುರುವುದಿಲ್ಲ. ಕಳೆದ ವರ್ಷ ಇದೇ ಗುಂಪಿನ ಒಬ್ಬರು ನನ್ನ ಮಾತು ಅರ್ಧ ಓದಿ ಚೆನ್ನಾಗಿದ್ದ ಬಳ್ಳಿ ಕಿತ್ತು ಹಾಕಿದ್ದರು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅಂತಾರಲ್ಲ, ಕದ್ದದ್ದಕ್ಕೂ ಇದೇ ನಿಯಮ. ಸಾಧ್ಯವಾದರೆ ಬೇರಿನ ಗಿಡ ಬಿಟ್ಟು ಕಡ್ಡಿ ಕೇಳಿ. ದಾಸವಾಳ, ಸ್ಫಟಿಕ, ನಂದಿಬಟ್ಟಲು ಎಲ್ಲ ಕಡ್ಡಿಯಲ್ಲೇ ಬರುತ್ತವೆ, ಮಣ್ಣಿನ ರೋಗ ಜೊತೆಗೆ ಬರುವುದಿಲ್ಲ.

ಸುಗಂಧರಾಜಕ್ಕೆ ಗೆಡ್ಡೆ ಕೇಳುವವರು ಅರ್ಕಾ ಶೃಂಗಾರ್ ಅನ್ನುವ ತಳಿ ಹುಡುಕಿ. ಗಂಟುಬೇರು ತಡೆದುಕೊಳ್ಳುವುದರಲ್ಲಿ ನಾಟಿ ತಳಿಗಿಂತ ಮೇಲು.

ಸೇವಂತಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಫೋಟೋದಲ್ಲಿ ಮೂಲೆಯ ಗಿಡ ಮಾತ್ರ ಮೊಗ್ಗಿಲ್ಲದೆ ಎತ್ತರ ಬೆಳೆದಿರುವುದು ಕಾಣುತ್ತಿದೆ. ಅದರ ಮೇಲೆ ಬೀದಿದೀಪದ ಬೆಳಕು ಬೀಳುತ್ತದಾ ನೋಡಿ. ಸೇವಂತಿಗೆಗೆ ಉದ್ದನೆಯ ಕತ್ತಲು ಸಿಕ್ಕಿದರೇ ಮೊಗ್ಗು. ನಮ್ಮ ಬೀದಿಗೆ ಹೊಸ ಎಲ್‌ಇಡಿ ದೀಪ ಬಂದ ವರ್ಷ ಕಾಂಪೌಂಡ್ ಪಕ್ಕದ ನಾಲ್ಕು ಕುಂಡ ದೀಪಾವಳಿ ಕಳೆದರೂ ಬರೀ ಎಲೆ. ಎರಡು ಗೊಬ್ಬರ ಬದಲಾಯಿಸಿದ ಮೇಲೆ ತಲೆಗೆ ಹೊಳೆಯಿತು. ಹತ್ತು ಅಡಿ ಆಚೆ, ನೀರಿನ ಟ್ಯಾಂಕ್ ಮರೆಗೆ ಇಟ್ಟೆ, ಮೊಗ್ಗು ಬಂತು. ನಿಮ್ಮದು ನೆಲದಲ್ಲಿದೆ, ಈ ವರ್ಷ ಬಿಡಿ, ಹೂ ಮುಗಿದ ಮೇಲೆ ಮರಿ ತೆಗೆದು ಜಾಗ ಬದಲಾಯಿಸಿ. ಬೇಸಿಗೆಗೆ ಬುಡಕ್ಕೆ ಕಬ್ಬಿನ ಸೋಗೆ ಹಾಸಿ, ಮಂಡ್ಯದವರಿಗೆ ಅದಕ್ಕೇನು ಬರ! ಬುಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು ಹಾಕಿ. ಗೆದ್ದಲು ಇರುವ ಜಾಗದಲ್ಲಿ ಬೇಡ.

ನನ್ನ ಹಳದಿ ಸೇವಂತಿಗೆ ಇನ್ನೂ ಹೂವಿನಲ್ಲಿದೆ. ಸಂಕ್ರಾಂತಿ ಕಳೆದ ಮೇಲೆ ಗೇಣುದ್ದ ಬಿಟ್ಟು ಕತ್ತರಿಸುತ್ತೇನೆ, ಮೂರ್ನಾಲ್ಕು ವಾರಕ್ಕೆ ಬುಡದಿಂದ ಮರಿ ಏಳುತ್ತದೆ. ಇಪ್ಪತ್ತಾದರೂ ಕೊಡಬಹುದು, ಬೇಕಾದವರು ಕೆಳಗೆ ಹೆಸರು ಹಾಕಿ. ದುಡ್ಡು ಎಷ್ಟು ಅಂತ ಮೆಸೇಜ್ ಮಾಡಬೇಡಿ, ನಿಮ್ಮ ಹತ್ತಿರ ಬಿಳಿ ಚಿಟ್ಟು ಸೇವಂತಿಗೆ ಇದ್ದರೆ ತನ್ನಿ. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಪೇಪರ್ ಸಾಕು. ಬೇರು ತೊಳೆದೇ ಕೊಡುತ್ತೇನೆ, ನಿಮ್ಮದನ್ನೂ ತೊಳೆದೇ ತಗೊಳ್ಳುತ್ತೇನೆ. ‘ಸ್ವಲ್ಪ ನಿಮ್ಮನೆ ಮಣ್ಣು ಹಾಕಿಕೊಡಿ’ ಅಂತ ಮಾತ್ರ ಯಾರೂ ಕೇಳಬೇಡಿ.